ಹದಿಹರೆಯದ ಮಕ್ಕಳಿಗೆ ನಂಬಿಕೆಯ ಹಿರಿಯರು ಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಮತ್ತು ಪೋಷಕರ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿರುವ ಈ ಸಂತೋಷದ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಅಧ್ಯಕ್ಷರು ಕೇಳಿದಾಗ, ಹಸುವಿನ ವಿಷಯ ಹೇಳಲು ನಾನು ಡಾಕ್ಟರಲ್ಲ, ಲೆಕ್ಕಪತ್ರದ ವಿಷಯ ಹೇಳಲು ಆಡಿಟರೂ ಅಲ್ಲ ಎಂದೆ. ಅದಕ್ಕೆ ಅವರು, "ಮೇಷ್ಟ್ರೇ, ಹಸುವಿನ ವಿಷಯ ಹೇಳೋಕೆ ಒಕ್ಕೂಟದವರು ಬರ್ತಾರೆ. ನಮ್ಮ ಹೈಕಳ ವಿಷಯ ಹೇಳೋಕೆ ಯಾರೂ ಬರಲ್ಲ. ಹದಿನಾಲ್ಕು ದಾಟಿದ ಮೇಲೆ ಒಬ್ಬನೂ ನಮ್ಮ ಮಾತು ಕೇಳಲ್ಲ, ಅದನ್ನ ಹೇಳಿ" ಎಂದರು. ಆದ್ದರಿಂದ ಇವತ್ತು ಅದೇ ವಿಷಯ ತೆಗೆದುಕೊಂಡಿದ್ದೇನೆ.

ಮಕ್ಕಳು ಮಾತು ಕೇಳುವುದಿಲ್ಲ ಎಂಬ ದೂರು ಎಲ್ಲ ಮನೆಯಲ್ಲೂ ಇದೆ. ಆದರೆ ಅದೇ ಹುಡುಗ ಗ್ಯಾರೇಜಿನವನ ಮಾತು ಕೇಳುತ್ತಾನೆ, ವಾಲಿಬಾಲ್ ಆಡಿಸುವ ಅಣ್ಣನ ಮಾತು ಕೇಳುತ್ತಾನೆ, ಮೊಬೈಲಿನಲ್ಲಿ ಯಾರೋ ಮುಖ ಕಾಣದವನು ಹೇಳಿದ ಮಾತನ್ನೂ ಕೇಳುತ್ತಾನೆ. ಅಂದ ಮೇಲೆ ಅವನಿಗೆ ಕಿವಿ ಇದೆ. ಯಾರಿಗೆ ಕಿವಿ ಕೊಡಬೇಕು ಎಂಬುದನ್ನು ಮಾತ್ರ ಅವನೇ ಆರಿಸಿಕೊಳ್ಳುತ್ತಾನೆ. ಈ ವಯಸ್ಸಿನವರು ಮಾತನ್ನು ತೂಗುವುದಕ್ಕಿಂತ ಮೊದಲು ಮಾತಾಡುವವರನ್ನು ತೂಗುತ್ತಾರೆ. ಆದುದರಿಂದ ನಂಬಿಕೆ ಮೊದಲು ಬರಬೇಕು, ಬುದ್ಧಿವಾದ ಆಮೇಲೆ. ನಾನು ಇವತ್ತು ಹೇಳಬೇಕೆಂದಿರುವುದು ಇದಿಷ್ಟೇ. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಮೊದಲು ಈ ವಯಸ್ಸು ಎಂಥದ್ದು ಎಂಬುದನ್ನು ತಿಳಿಯೋಣ. ವಿಶ್ವ ಆರೋಗ್ಯ ಸಂಸ್ಥೆಯವರು 10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯ ಎಂದು ಲೆಕ್ಕ ಹಿಡಿಯುತ್ತಾರೆ. ಮೈ ಬೆಳೆಯುತ್ತದೆ, ದನಿ ಒಡೆಯುತ್ತದೆ, ಹೆಣ್ಣುಮಕ್ಕಳು ಋತುಮತಿಯರಾಗುತ್ತಾರೆ. ಇದು ಕಣ್ಣಿಗೆ ಕಾಣುವುದು. ಕಾಣದ ಬದಲಾವಣೆ ತಲೆಯೊಳಗೆ ನಡೆಯುತ್ತಿರುತ್ತದೆ. ಮುಂದಿನ ಪರಿಣಾಮ ಯೋಚಿಸುವುದು, ಸಿಟ್ಟನ್ನು ತಡೆಯುವುದು, ಅವಸರ ಬೇಡ ಎಂದು ತನಗೆ ತಾನೇ ಹೇಳಿಕೊಳ್ಳುವುದು, ಇವನ್ನೆಲ್ಲ ನಡೆಸುವ ಮಿದುಳಿನ ಭಾಗ ಹಣೆಯ ಹಿಂದೆ ಇದೆ. ಅದು ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿನ ಹೊತ್ತಿಗೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಆಸೆ, ಆವೇಶ, ಗೆಳೆಯರ ಮುಂದೆ ಮೆರೆಯುವ ಚಪಲ ಮಾತ್ರ ಅದಕ್ಕಿಂತ ಬಹಳ ಮುಂಚೆಯೇ ಬಂದುಬಿಡುತ್ತವೆ. ಒಬ್ಬನೇ ಇದ್ದಾಗ ಮಾಡದ ಭಂಡತನವನ್ನು ನಾಲ್ಕು ಜನ ಗೆಳೆಯರ ಎದುರು ಮಾಡುತ್ತಾನೆ. ನಿದ್ದೆಯ ವೇಳೆಯೂ ಬದಲಾಗುತ್ತದೆ. ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಬೇಗ ಎಚ್ಚರವಾಗುವುದಿಲ್ಲ. ನಾವು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟು, ಬೆಳಗಿನ ಜಾವವೇ ಬೈಗುಳ ಶುರುಮಾಡುತ್ತೇವೆ.

ಬೇಸಾಯಗಾರರಾದ ನಿಮಗೆ ಇದನ್ನು ಬೇರೆ ರೀತಿ ಹೇಳುತ್ತೇನೆ. ಹೊಸ ಹೋರಿಯನ್ನು ನೊಗಕ್ಕೆ ಕಲಿಸುವುದು ಹೇಗೆ? ಎರಡು ಹೊಸ ಹೋರಿಗಳನ್ನು ಒಟ್ಟಿಗೆ ಕಟ್ಟಿ, ಗಾಡಿಗೆ ಪೂರ್ತಿ ಹೇರು ಹೇರಿ, ಬಾರುಕೋಲು ಹಿಡಿದು ನಿಲ್ಲುತ್ತೀರಾ? ಇಲ್ಲ. ಒಂದು ಕಡೆಗೆ ಪಳಗಿದ ಎತ್ತನ್ನು ಕಟ್ಟುತ್ತೀರಿ. ಮೊದಲು ಬರೀ ಗಾಡಿ. ಹೋರಿ ಅತ್ತ ಎಳೆದರೆ ಪಳಗಿದ ಎತ್ತು ಗಾಬರಿಯಾಗುವುದಿಲ್ಲ, ತನ್ನ ನಡಿಗೆಯಲ್ಲಿ ತಾನು ನಡೆಯುತ್ತದೆ. ನಾಲ್ಕು ದಿನದಲ್ಲಿ ಹೋರಿಗೆ ಆ ನಡಿಗೆ ಹತ್ತುತ್ತದೆ. ಹೊಡೆದು ಬಡಿದು ಕಲಿಸಿದ ಹೋರಿ ಮನುಷ್ಯನ ನೆರಳು ಕಂಡರೆ ಬೆದರುತ್ತದೆ ಎಂಬುದು ನಿಮಗೇ ಗೊತ್ತು. ಮಕ್ಕಳಿಗೂ ಪಕ್ಕದಲ್ಲಿ ನಡೆಯುವ ಒಬ್ಬ ಹಿರಿಯರು ಬೇಕು.

ಅಪ್ಪ ಅಮ್ಮ ಇಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದ್ದಾರೆ, ಅವರ ಜಾಗ ಬೇರೆ ಯಾರಿಗೂ ಇಲ್ಲ. ಆದರೆ ಈ ವಯಸ್ಸಿನಲ್ಲಿ ಅಪ್ಪ ಅಮ್ಮನಿಂದ ಸ್ವಲ್ಪ ದೂರ ನಿಂತು, ತಾನು ಬೇರೆ ಒಬ್ಬ ಮನುಷ್ಯ ಎಂದು ತೋರಿಸಿಕೊಳ್ಳುವುದು ಮಕ್ಕಳ ಸಹಜ ಗುಣ. ಅಪ್ಪನಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು ಹಿಂದೆ ಸೋದರಮಾವ ಇದ್ದ, ಅಜ್ಜಿ ಇದ್ದಳು, ಚಿಕ್ಕಪ್ಪ ಇದ್ದ. ಒಂದೇ ಹಟ್ಟಿಯಲ್ಲಿ ಹತ್ತು ಜನ ದೊಡ್ಡವರು ಇರುತ್ತಿದ್ದರು. ಒಬ್ಬರು ಗದರಿದರೆ ಇನ್ನೊಬ್ಬರು ಕರೆದು ಮುದ್ದೆ ಇಕ್ಕುತ್ತಿದ್ದರು. ಈಗ ಮನೆ ಚಿಕ್ಕದಾಗಿದೆ. ಚಿಕ್ಕಪ್ಪ ಬೆಂಗಳೂರಿನಲ್ಲಿ, ಮಾವ ಇನ್ನೆಲ್ಲೋ. ಅಪ್ಪ ಹೊಲ, ಹಸು, ಸಾಲ ಎಂದು ಬಳಲಿರುತ್ತಾನೆ. ಅಮ್ಮ ನಸುಕಿಗೆ ಎದ್ದು ಹಾಲು ಕರೆದು, ಹುಲ್ಲು ತಂದು, ಅಡುಗೆ ಮಾಡಿ, ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ. ಮಕ್ಕಳ ಜೊತೆ ಕೂರಲು ಯಾರಿಗೂ ಹೊತ್ತಿಲ್ಲ. ಆ ಖಾಲಿ ಜಾಗದಲ್ಲಿ ಮೊಬೈಲು ಬಂದು ಕೂತಿದೆ.

ಆದರೆ ಊರಿನಲ್ಲಿ ಇನ್ನೂ ಒಂದು ಜಾಗ ಉಳಿದಿದೆ. ಅದು ನಿಮ್ಮ ಡೇರಿ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಹಿಡಿದು ಸರದಿಯಲ್ಲಿ ನಿಲ್ಲುವವರಲ್ಲಿ ಎಷ್ಟು ಜನ ಮಕ್ಕಳಿದ್ದಾರೆ ಒಮ್ಮೆ ನೋಡಿ. ದಿನಕ್ಕೆ ಎರಡು ಸಲ, ವರ್ಷವಿಡೀ, ಊರಿನ ಹುಡುಗ ಹುಡುಗಿಯರ ಮುಖ ಊರಿನ ದೊಡ್ಡವರ ಕಣ್ಣಿಗೆ ಬೀಳುವ ಜಾಗ ಇದಲ್ಲದೆ ಬೇರೊಂದಿಲ್ಲ. ಶಾಲೆಗೆ ಭಾನುವಾರ ರಜೆ ಇದೆ, ಡೇರಿಗೆ ಆ ರಜೆಯೂ ಇಲ್ಲ. ಆದ್ದರಿಂದ ಈ ಮಾತನ್ನು ಸಂಘದ ವೇದಿಕೆಯಲ್ಲಿ ಆಡುವುದು ಸರಿಯಾಗಿಯೇ ಇದೆ.

ಒಬ್ಬ ಹಿರಿಯರ ನಂಬಿಕೆಯಿಂದ ಏನು ಮಹಾ ಆಗುತ್ತದೆ ಎನ್ನುವವರಿಗೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕ ದೇಶಕ್ಕೆ ಸೇರಿದ ಹವಾಯಿ ದ್ವೀಪಗಳಲ್ಲಿ ಕಾವಾಯಿ ಎಂಬುದು ಒಂದು ದ್ವೀಪ. ಹಿಂದೆ ಅಲ್ಲಿಯೂ ಕಬ್ಬಿನ ತೋಟಗಳಿದ್ದವು, ತೋಟದಲ್ಲಿ ದುಡಿಯುವ ಕೂಲಿಯವರಿದ್ದರು. 1955ರಲ್ಲಿ ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಜೊತೆಗಾರರೊಡನೆ ಹುಟ್ಟಿನಿಂದ ಹಿಡಿದು ಸುಮಾರು 40 ವರ್ಷ ವಯಸ್ಸಾಗುವವರೆಗೆ ಗಮನಿಸುತ್ತಾ ಬಂದರು. ಆ ಮಕ್ಕಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಮಂದಿ ಬಹಳ ಕಷ್ಟದ ಮನೆಗಳಲ್ಲಿ ಹುಟ್ಟಿದವರು. ಬಡತನ, ಕುಡಿತ, ಜಗಳ, ತಂದೆಗೋ ತಾಯಿಗೋ ಮಾನಸಿಕ ಕಾಯಿಲೆ. ಇಂಥ ಮಕ್ಕಳು ಕೆಟ್ಟೇ ಹೋಗುತ್ತಾರೆ ಎಂದು ಯಾರಾದರೂ ಅಂದುಕೊಳ್ಳಬೇಕು. ಆದರೆ ಇವರಲ್ಲಿ ಮೂರರಲ್ಲಿ ಒಬ್ಬರು ಚೆನ್ನಾಗಿ ಬೆಳೆದು, ತಮ್ಮ ಕಾಲ ಮೇಲೆ ತಾವು ನಿಂತು, ಇತರರನ್ನು ನೋಡಿಕೊಳ್ಳುವ ಮನುಷ್ಯರಾದರು. ಅವರಿಗೆ ಸಿಕ್ಕ ಅನುಕೂಲಗಳಲ್ಲಿ ಮುಖ್ಯವಾದ ಒಂದೆಂದರೆ, ತಮ್ಮನ್ನು ಇದ್ದ ಹಾಗೆಯೇ ಒಪ್ಪಿಕೊಂಡ ಒಬ್ಬ ದೊಡ್ಡವರು ಅವರ ಬದುಕಿನಲ್ಲಿದ್ದರು. ಕೆಲವರಿಗೆ ಅಜ್ಜಿ, ಕೆಲವರಿಗೆ ಚಿಕ್ಕಮ್ಮ, ಕೆಲವರಿಗೆ ಮೇಷ್ಟ್ರು, ಕೆಲವರಿಗೆ ಪಕ್ಕದ ಮನೆಯವರು. ಇಂಥವರು ಹತ್ತು ಜನ ಬೇಕಾಗಲಿಲ್ಲ, ಒಬ್ಬರಿದ್ದರೂ ಸಾಕಾಯಿತು.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆ. ಕುವೆಂಪು ಅವರ ಹೆಸರು ಕೇಳದವರು ಇಲ್ಲಿ ಯಾರೂ ಇಲ್ಲ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಹುಡುಗ. ಆಗ ಅವರು ಪದ್ಯ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ತಮ್ಮ ಪದ್ಯಗಳನ್ನು ಒಯ್ದು ತೋರಿಸಿದರು. ಆಗಿನ್ನೂ ಅವರಿಗೆ 19 ವರ್ಷ. ಕಸಿನ್ಸ್ ಅವರು ಅವನ್ನು ನೋಡಿದರು, ಆಮೇಲೆ ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಎಂಬ ಸಲಹೆ ಕೊಟ್ಟರು. ಅದರಿಂದ ಕನ್ನಡಕ್ಕೆ ಏನು ಸಿಕ್ಕಿತು ಎಂಬುದು ನಿಮಗೆಲ್ಲ ಗೊತ್ತು. ನಾನು ಗಮನಿಸಿ ಎನ್ನುವುದು ಕ್ರಮವನ್ನು. ಮೊದಲು ಹುಡುಗ ತಂದದ್ದನ್ನು ನೋಡಿದರು, ಸಲಹೆ ಆಮೇಲೆ ಬಂತು. ನಾವೋ, ಹುಡುಗ ಬಾಯಿ ತೆರೆಯುವ ಮೊದಲೇ ಸಲಹೆ ಕೊಟ್ಟಾಗಿರುತ್ತದೆ. ಕುವೆಂಪು ಅವರು 1949ರಲ್ಲಿ ಪ್ರಕಟವಾದ ತಮ್ಮ ಮಹಾಕಾವ್ಯ ಶ್ರೀ ರಾಮಾಯಣ ದರ್ಶನಂ ಅನ್ನು ಅರ್ಪಿಸಿದ್ದು ಯಾರಿಗೆ? ತಮ್ಮ ಗುರುಗಳಾಗಿದ್ದ ಟಿ.ಎಸ್. ವೆಂಕಣ್ಣಯ್ಯನವರಿಗೆ. ಗುರುಗಳು ಅಷ್ಟು ಹೊತ್ತಿಗೆ ತೀರಿಕೊಂಡು ವರ್ಷಗಳೇ ಆಗಿದ್ದವು. ವಿಶ್ವಾಸ ತೋರಿದ ಹಿರಿಯರನ್ನು ಮಕ್ಕಳು ಅಷ್ಟು ಕಾಲ ನೆನಪಿಡುತ್ತಾರೆ.

ಹಾಗಾದರೆ ಈ ನಂಬಿಕೆಯನ್ನು ಕಟ್ಟುವುದು ಹೇಗೆ? ಇದನ್ನು ನಾನು ನಿಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಸಹಕಾರ ಸಂಘ ಎಂದರೇ ನಂಬಿಕೆಯ ವ್ಯವಹಾರ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ನಮ್ಮ ನಾಡಿನ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಪತ್ತು ಎಂದರೇನು? ಕೊಟ್ಟ ಮಾತಿನ ಮೇಲೆ ಜನ ಇಡುವ ಭರವಸೆ. ನಿಮ್ಮ ಸಂಘಕ್ಕೆ 25 ವರ್ಷದಿಂದ ಜನ ಹಾಲು ಹಾಕುತ್ತಿರುವುದು ಏಕೆ? ಎದುರಿಗೇ ಅಳೆಯುತ್ತೀರಿ, ಎದುರಿಗೇ ಫ್ಯಾಟು ನೋಡುತ್ತೀರಿ, ಚೀಟಿ ಕೊಡುತ್ತೀರಿ, ಹೇಳಿದ ದಿನ ಬಟವಾಡೆ ಮಾಡುತ್ತೀರಿ. ಶ್ರೀಮಂತನ ಕ್ಯಾನಿಗೆ ಒಂದು ಅಳತೆ, ಬಡವನ ಚೊಂಬಿಗೆ ಒಂದು ಅಳತೆ ಎಂದಿದ್ದರೆ ಸಂಘ ಎರಡೇ ವರ್ಷಕ್ಕೆ ಬಾಗಿಲು ಹಾಕುತ್ತಿತ್ತು. ಮಕ್ಕಳ ಜೊತೆಯೂ ಇದೇ ಲೆಕ್ಕ ನಡೆಯುತ್ತದೆ.

ಮೊದಲನೆಯದು, ನಿಯಮ ತಪ್ಪದೆ ಸಿಗುವುದು. ವರ್ಷಕ್ಕೊಮ್ಮೆ ಒಂದು ಗಂಟೆ ಉಪದೇಶ ಮಾಡುವುದಕ್ಕಿಂತ ದಿನಾ ಎರಡು ನಿಮಿಷ ಮಾತಾಡಿಸುವುದು ಮೇಲು. "ಏನಪ್ಪಾ, ಕರು ಹೆಂಗೈತೆ?", "ಏನವ್ವ, ಕಬಡ್ಡಿ ಮ್ಯಾಚು ಏನಾಯ್ತು?" ಇಷ್ಟು ಸಾಕು. ಎಷ್ಟು ಮಾರ್ಕ್ಸು ಬಂತು ಎಂಬುದೊಂದೇ ನಮ್ಮ ಪ್ರಶ್ನೆಯಾಗಿದ್ದರೆ, ಕಡಿಮೆ ಬಂದ ದಿನ ಆ ಮಗು ನಮ್ಮ ಬೀದಿಯನ್ನೇ ಬಿಟ್ಟು ಬಳಸಿ ಹೋಗುತ್ತದೆ.

ಎರಡನೆಯದು, ಸಣ್ಣ ಮಾತನ್ನೂ ಉಳಿಸಿಕೊಳ್ಳುವುದು. ಭಾನುವಾರ ಕೆರೆ ಹತ್ತಿರ ಈಜು ಕಲಿಸುತ್ತೇನೆ ಎಂದರೆ ಭಾನುವಾರ ಹೋಗಬೇಕು. ಆಗದಿದ್ದರೆ ಶನಿವಾರವೇ ಹೇಳಿ ಕಳಿಸಬೇಕು. ಮಕ್ಕಳಿಗೆ ಕೊಟ್ಟ ಮಾತಲ್ಲವೇ, ಮರೆತರೇನು ಎಂದುಕೊಳ್ಳುತ್ತೇವೆ. ಅವರು ಅದನ್ನು ಪಾಸ್ ಪುಸ್ತಕದಲ್ಲಿ ಬರೆದ ಹಾಗೆ ಬರೆದಿಟ್ಟುಕೊಂಡಿರುತ್ತಾರೆ.

ಮೂರನೆಯದು ಬಹಳ ಕಷ್ಟದ್ದು, ನಮ್ಮ ಹಳ್ಳಿಗಳಿಗಂತೂ ಇನ್ನೂ ಕಷ್ಟದ್ದು. ಅದು ನಾಲಿಗೆಯ ಬಿಗಿ. ಬೆಳಿಗ್ಗೆ ಮಗು ಅಳುತ್ತಾ ಹೇಳಿಕೊಂಡದ್ದು ಸಂಜೆ ಅರಳಿಕಟ್ಟೆಯಲ್ಲಿ ನಗೆಚಾಟಿಕೆಯಾದರೆ, ಆ ಮಗು ಇನ್ನು ಯಾರಿಗೂ ಏನನ್ನೂ ಹೇಳುವುದಿಲ್ಲ. ಅದನ್ನು ನೋಡಿದ ಉಳಿದ ಮಕ್ಕಳೂ ಹೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ಊರಿನ ಮಕ್ಕಳು ಬಾಯಿ ಬಿಡುವುದಿಲ್ಲ ಎನ್ನುವ ಮೊದಲು ಊರಿನ ದೊಡ್ಡವರ ಬಾಯಿ ಎಷ್ಟು ಭದ್ರವಾಗಿದೆ ಎಂದು ನೋಡಿಕೊಳ್ಳಬೇಕು.

ನಾಲ್ಕನೆಯದು, ಕೆಲಸ ಒಪ್ಪಿಸಿ ನಂಬುವುದು. ನಂಬುತ್ತೇನೆ ಎಂದು ಬಾಯಲ್ಲಿ ಹೇಳಿದರೆ ಸಾಲದು. 10 ವರ್ಷ ದಾಟಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ತೆರೆದು ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕೇ 2025ರಲ್ಲಿ ಸುತ್ತೋಲೆ ಹೊರಡಿಸಿದೆ. ನಾವು ಹದಿನಾರು ವರ್ಷದವನಿಗೆ ನೂರು ರೂಪಾಯಿ ಕೊಟ್ಟು ಹತ್ತು ಸಲ ಎಣಿಸಿಕೊಳ್ಳುತ್ತೇವೆ. ಒಂದು ಕರುವಿನ ಪೂರ್ತಿ ಜವಾಬ್ದಾರಿ ಕೊಡಿ, ಮನೆಯ ಹಾಲಿನ ಲೆಕ್ಕ ಬರೆಯುವುದನ್ನು ಕೊಡಿ. ತಪ್ಪಿದರೆ ತಪ್ಪನ್ನು ಒಬ್ಬನೇ ಇದ್ದಾಗ ಹೇಳಿ, ಹೊಗಳುವುದನ್ನು ನಾಲ್ಕು ಜನರ ಮುಂದೆ ಹೇಳಿ. ನಾವು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತೇವೆ.

ಆದರೆ ನಂಬಿಕೆ ಬೇರೆ, ಸಲಿಗೆ ಬೇರೆ. ಹದಿನೈದರ ಹುಡುಗನ ಕೈಗೆ ಬೈಕಿನ ಬೀಗದ ಕೈ ಕೊಟ್ಟು, ಎರಡು ಕಡೆ ಕ್ಯಾನು ಕಟ್ಟಿ ಕಳಿಸುವುದು ನಂಬಿಕೆಯಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 18 ತುಂಬದವರು ಹೀಗೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ. ದಂಡ ಹೋಗಲಿ, ಮಗ ಹೋದರೆ ಯಾರು ತಂದುಕೊಡುತ್ತಾರೆ? ಬೇಡ ಎನ್ನಬೇಕಾದ ಕಡೆ ಬೇಡ ಎನ್ನಲೇಬೇಕು. ನಂಬಿಕೆ ಇದ್ದ ಹಿರಿಯರು ಬೇಡ ಎಂದರೆ ಹುಡುಗ ಸಿಟ್ಟಾಗಬಹುದು, ಆದರೆ ಮಾರನೆಯ ದಿನ ಮತ್ತೆ ಬರುತ್ತಾನೆ.

ಪಕ್ಕದ ಊರಿನಲ್ಲಿ ನಡೆದದ್ದು ಒಂದನ್ನು ಹೇಳುತ್ತೇನೆ. ಎಸ್.ಎಸ್.ಎಲ್.ಸಿ.ಯಲ್ಲಿ ಎರಡು ವಿಷಯದಲ್ಲಿ ಫೇಲಾದ ಹುಡುಗ. ಮನೆಯಲ್ಲಿ ಹೊಡೆದಿದ್ದರು, ಬೀದಿಯಲ್ಲಿ ಆಡಿಕೊಂಡಿದ್ದರು. ಡೇರಿಯಲ್ಲಿ ಹಾಲು ಅಳೆಯುವ ಹಿರಿಯರು ಅವನನ್ನು ನೋಡಿ, "ಯಾಕ್ಲಾ ಮಗ, ನಾಕು ದಿನದಿಂದ ಕಾಣ್ನಿಲ್ಲ?" ಎಂದರು. "ಏನಿಲ್ಲ ದೊಡ್ಡಪ್ಪ" ಎಂದ. "ಸರಿ ಬುಡು. ಈ ಕ್ಯಾನು ಒಂದು ಕಡೆ ಹಿಡ್ಕೊ, ಲಾರಿ ಬರೋ ಹೊತ್ತಾಯ್ತು" ಎಂದರು. ಪರೀಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಹುಡುಗನೇ ಬಾಯಿ ಬಿಟ್ಟ. "ದೊಡ್ಡಪ್ಪ, ನಾಳೀಕೆ ಬೆಂಗಳೂರಿಗೆ ಹೊಯ್ತೀನಿ. ಯಾರೋ ಹೋಟ್ಲು ಕೆಲ್ಸ ಕೊಡಿಸ್ತಾರಂತೆ. ಮನೇಲಿ ಹೇಳಿಲ್ಲ." ಅವರು ಬೈಯಲಿಲ್ಲ, ಓಡಿಹೋಗಿ ಅಪ್ಪನಿಗೆ ಚಾಡಿಯನ್ನೂ ಹೇಳಲಿಲ್ಲ. "ಹೋಗೋದಾದ್ರೆ ಹೇಳಿ ಹೋಗು. ಅಪ್ಪಂಗೆ ನೀನೇ ಹೇಳ್ಬೇಕು, ನಾನು ಪಕ್ಕದಾಗೆ ಕುಂತಿರ್ತೀನಿ. ಇವತ್ತು ರಾತ್ರಿನೇ ಹೇಳಾನ" ಎಂದರು. ಆ ರಾತ್ರಿ ಮೂವರೂ ಕೂತರು. ಅಪ್ಪ ಕೂಗಾಡಿದ, ಆಮೇಲೆ ಸುಮ್ಮನಾದ. ಫೇಲಾದವರಿಗೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ ಎಂಬುದನ್ನು ಶಾಲೆಗೆ ಹೋಗಿ ತಿಳಿದುಕೊಂಡು ಬಂದವರೂ ಆ ಹಿರಿಯರೇ. ಹುಡುಗ ಮತ್ತೆ ಬರೆದಾಗ ಇಂಗ್ಲಿಷು ಪಾಸಾಯಿತು, ಗಣಿತ ಮತ್ತೆ ಹೋಯಿತು. ಮೂರನೆಯ ಸಲ ಗಣಿತವೂ ಆಯಿತು. ಐ.ಟಿ.ಐ. ಸೇರಿದ. ಇದರಲ್ಲಿ ಪವಾಡವೇನೂ ಇಲ್ಲ. ಆ ಮೂರು ದಿನ ಒಬ್ಬರು ಏನನ್ನೂ ಕೇಳದೆ ಕ್ಯಾನು ಹಿಡಿಸಿದರು, ಅಷ್ಟೇ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ತಾಯಂದಿರು ಗಮನವಿಟ್ಟು ಕೇಳಬೇಕು, ತಂದೆಯವರು ಇನ್ನೂ ಗಮನವಿಟ್ಟು ಕೇಳಬೇಕು. ಬಸ್ಸಿನಲ್ಲಿ ಒಬ್ಬ ಕೀಟಲೆ ಮಾಡುತ್ತಾನೆ ಎಂದು ಹುಡುಗಿ ಮನೆಯಲ್ಲಿ ಹೇಳುತ್ತಾಳೆ. ನಾವು ಏನು ಮಾಡುತ್ತೇವೆ? ಶಾಲೆ ಬಿಡಿಸುತ್ತೇವೆ. ಇಲ್ಲವೇ ಗಂಡು ನೋಡುತ್ತೇವೆ. ತಪ್ಪು ಮಾಡಿದವನು ಅದೇ ಬಸ್ಸಿನಲ್ಲಿ ಆರಾಮಾಗಿ ಓಡಾಡುತ್ತಾನೆ, ನಿಜ ಹೇಳಿದವಳಿಗೆ ಶಿಕ್ಷೆಯಾಗುತ್ತದೆ. ಇದನ್ನು ನೋಡಿದ ಅವಳ ತಂಗಿ ಮುಂದೆ ಏನೇ ಆದರೂ ಹೇಳುತ್ತಾಳೆಯೇ? ಹೇಳುವುದಿಲ್ಲ. ಮುಚ್ಚಿಡುವುದನ್ನು ಕಲಿಸಿದವರು ನಾವೇ. ಹುಡುಗಿಯರಿಗೆ ಊರಿನಲ್ಲಿ ಒಬ್ಬ ಅತ್ತೆಯೋ ಅಕ್ಕನೋ, ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ, ಸಂಘದ ಮಹಿಳಾ ನಿರ್ದೇಶಕರೋ, ಹೇಳಿದ್ದನ್ನು ನಂಬುವ, ಹೇಳಿದ್ದಕ್ಕೆ ಶಾಲೆ ಬಿಡಿಸದಂತೆ ಮನೆಯವರೊಡನೆ ಮಾತಾಡುವ ಧೈರ್ಯವಿರುವ ಹೆಂಗಸರೊಬ್ಬರು ಬೇಕು. ಹುಡುಗಿಗೆ 18 ತುಂಬುವ ಮೊದಲು ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಅಪರಾಧ ಎಂಬುದನ್ನೂ ಅವರು ಮನೆಯವರಿಗೆ ನೆನಪಿಸಬೇಕು.

ಗುಟ್ಟು ಕಾಪಾಡಬೇಕು ಎಂದೆ. ಆದರೆ ಕಾಪಾಡಬಾರದ ಗುಟ್ಟುಗಳೂ ಇವೆ. ಮಗುವಿನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದರೆ ಅದನ್ನು ಮುಚ್ಚಿಡುವ ಹಾಗಿಲ್ಲ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದೆ ಇರುವುದೂ ಅಪರಾಧ. ಪಂಚಾಯಿತಿ ಸೇರಿಸಿ ರಾಜಿ ಮಾಡಿಸುವ ವಿಷಯವೇ ಅಲ್ಲ ಅದು. ಸಾಯುತ್ತೇನೆ ಎಂಬ ಮಾತು ಮಗುವಿನ ಬಾಯಲ್ಲಿ ಬಂದರೆ ನಾಟಕ ಎಂದು ತಳ್ಳಿಹಾಕಬಾರದು, ಒಂಟಿಯಾಗಿ ಬಿಡಬಾರದು. ಹಟ್ಟಿಯಲ್ಲಿರುವ ಕೀಟನಾಶಕದ ಡಬ್ಬಿಗೆ ಅವತ್ತೇ ಬೀಗ ಹಾಕಬೇಕು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಮಕ್ಕಳಿಗೆ ಬೇರೆ ಯಾವ ಅಪಾಯವಿದ್ದರೂ 1098 ಇದೆ. ಈ ಎರಡು ನಂಬರನ್ನು ಡೇರಿಯ ಗೋಡೆಗೆ, ಹಾಲಿನ ದರದ ಪಟ್ಟಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ. ಮಗುವಿಗೂ ಮೊದಲೇ ಹೇಳಿರಬೇಕು: "ನೀನು ಹೇಳಿದ್ದನ್ನ ಕಟ್ಟೆ ಮೇಲೆ ಆಡಲ್ಲ. ಆದ್ರೆ ನಿನ್ನ ಜೀವಕ್ಕೆ ತೊಂದರೆ ಅಂದ್ರೆ ಸುಮ್ಮನೆ ಇರಲ್ಲ, ನಿನಗೆ ಹೇಳೇ ಬೇರೆಯವರಿಗೆ ಹೇಳ್ತೀನಿ." ಹೀಗೆ ಹೇಳಿದರೆ ಮೋಸ ಮಾಡಿದಂತಾಗುವುದಿಲ್ಲ.

ನಂಬಿಕೆಯನ್ನು ದುರುಪಯೋಗ ಮಾಡುವ ದೊಡ್ಡವರೂ ಇದ್ದಾರೆ ಎಂಬುದನ್ನು ಮರೆಯಬಾರದು. ಅದಕ್ಕೆ ಕೆಲವು ಕಟ್ಟುಪಾಡು ಬೇಕು. ಮಾತುಕತೆ ಏನಿದ್ದರೂ ಬಾಗಿಲು ತೆರೆದ ಜಾಗದಲ್ಲಿ, ನಾಲ್ಕು ಜನ ಓಡಾಡುವಲ್ಲಿ ಆಗಲಿ. ಯಾರು ಯಾವ ಮಗುವನ್ನು ಮಾತಾಡಿಸುತ್ತಾರೆ ಎಂಬುದು ಮನೆಯವರಿಗೆ ಗೊತ್ತಿರಲಿ. ಹಣ, ಮೊಬೈಲು, ಉಡುಗೊರೆ ಬೇಡ. ಅಪ್ಪ ಅಮ್ಮನಿಗೆ ಹೇಳಬೇಡ ಎಂದು ಮಗುವಿಗೆ ಹೇಳುವ ದೊಡ್ಡವರ ಮೇಲೆ ಕಣ್ಣಿಡಿ.

ಇನ್ನೊಂದು ಮಾತನ್ನು ನಿಷ್ಠುರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚುನಾವಣೆ ಬಂದಾಗ ನಮಗೆ ಈ ಹುಡುಗರು ನೆನಪಾಗುತ್ತಾರೆ. ಬಾವುಟ ಹಿಡಿಯಲು, ಪಟಾಕಿ ಹೊಡೆಯಲು, ಘೋಷಣೆ ಕೂಗಲು ಬೇಕು. ಕೂಗಿದ ಮೇಲೆ ಬಿರಿಯಾನಿ, ಅದರ ಜೊತೆ ಬಾಟಲು. ಕುಡಿಯುವುದನ್ನು ಕಲಿಸಿದವರು ನಾವು, ಆಮೇಲೆ ಹುಡುಗರು ಕೆಟ್ಟರು ಎಂದು ಕಟ್ಟೆಯ ಮೇಲೆ ಕೂತು ಮರುಗುವವರೂ ನಾವು. ಹಾಗೆಯೇ, ನಮ್ಮ ಕೇರಿಯ ಮಕ್ಕಳು, ನಮ್ಮ ಪಕ್ಷದವರ ಮಕ್ಕಳು ಎಂದು ವಿಂಗಡಿಸಿದರೆ ಈ ಕೆಲಸ ಆಗುವುದಿಲ್ಲ. ಎಲ್ಲ ಕೇರಿಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಅಷ್ಟು ಸಮಾನತೆಯನ್ನಾದರೂ ಡೇರಿ ನಮಗೆ ಕಲಿಸಿರಬೇಕು.

"ಬೇರೆಯವರ ಮಕ್ಕಳ ಉಸಾಬರಿ ನಮಗ್ಯಾಕೆ ಸ್ವಾಮಿ?" ಎಂದು ಕೆಲವರು ಕೇಳುತ್ತಾರೆ. ನಿಮ್ಮ ಮಗ ನಿಮ್ಮ ಎದುರು ಬಾಯಿ ಬಿಡದ ದಿನ ಬೇರೆ ಯಾರೋ ಒಬ್ಬರ ಎದುರು ಬಾಯಿ ಬಿಡಬೇಕು. ಆ ಬೇರೆಯವರು ಒಳ್ಳೆಯವರಾಗಿರಲಿ ಎಂದು ನೀವು ಬಯಸುವುದಾದರೆ, ಇನ್ನೊಬ್ಬರ ಮಗನಿಗೆ ಆ ಒಳ್ಳೆಯವರು ನೀವಾಗಬೇಕು. ಇದೂ ಸಹಕಾರವೇ.

ಕೊನೆಯದಾಗಿ ಸಂಘದ ಮುಂದೆ ನನ್ನ ಮೂರು ಕೋರಿಕೆಗಳು. ಒಂದು, ಪ್ರತಿ ವರ್ಷ ಮಹಾಸಭೆಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಮಾಡುತ್ತೀರಿ. ಬಹಳ ಸಂತೋಷ, ಅದು ನಡೆಯಲಿ. ಆದರೆ ಅದೇ ವರ್ಷ ಫೇಲಾದ ಮಕ್ಕಳು ಯಾರು ಎಂಬ ಪಟ್ಟಿಯೂ ಕಾರ್ಯದರ್ಶಿಗಳ ಹತ್ತಿರ ಇರಲಿ. ಅದನ್ನು ಓದಿ ಹೇಳುವುದು ಬೇಡ. ಫಲಿತಾಂಶ ಬಂದ ವಾರದೊಳಗೆ ಪ್ರತಿಯೊಂದು ಮನೆಗೂ ಒಬ್ಬ ನಿರ್ದೇಶಕರು ಹೋಗಿ, ಒಂದು ಲೋಟ ಕಾಫಿ ಕುಡಿದು, ಮಗುವನ್ನು ಮಾತಾಡಿಸಿ ಬರಲಿ. ಎರಡು, ಮಕ್ಕಳೊಡನೆ ಒಡನಾಡುವ ಮನಸ್ಸಿರುವ ಹತ್ತು ಜನ ಸದಸ್ಯರನ್ನು, ಅದರಲ್ಲಿ ಐದು ಜನ ಹೆಂಗಸರು ಇರುವಂತೆ ಆರಿಸಿ. ತಾವು ನಂಬುವವರು ಯಾರು ಎಂದು ಮಕ್ಕಳನ್ನೇ ಕೇಳಿ ಆರಿಸಿ. ಅವರ ಹೇಳಿಕೆ ನಮ್ಮ ಲ್ಯಾಕ್ಟೋಮೀಟರಿನಷ್ಟೇ ಸರಿಯಾಗಿರುತ್ತದೆ. ಮೂರು, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಕಾರ್ಯಕ್ರಮ 2020ರಲ್ಲಿ ಶುರುವಾಯಿತು. ವಾರಕ್ಕೊಂದು ಸಂಜೆ ಸಂಘದ ಒಬ್ಬ ಹಿರಿಯರು ಅಲ್ಲಿ ಹೋಗಿ ಸುಮ್ಮನೆ ಕೂತಿರಲಿ. ಭಾಷಣ ಮಾಡುವುದು ಬೇಡ, ಪೇಪರ್ ಓದುತ್ತಾ ಕೂತಿರಲಿ. ಮೊದಲ ತಿಂಗಳು ಯಾರೂ ಹತ್ತಿರ ಬರುವುದಿಲ್ಲ. ಆಮೇಲೆ ಒಬ್ಬರು ಬರುತ್ತಾರೆ.

ಗೋಡೆಗೆ ಒರಗಿ ನಿಂತಿರುವ ಮಕ್ಕಳೇ, ನಿಮಗೂ ಒಂದು ಮಾತು. ದೊಡ್ಡವರಿಗೆ ಮಾತಾಡಲು ಸರಿಯಾಗಿ ಬರುವುದಿಲ್ಲ. ಪ್ರೀತಿಯನ್ನೂ ಗದರಿಕೊಂಡೇ ಹೇಳುತ್ತಾರೆ. ಅವರ ದನಿ ಬಿಟ್ಟು ಮಾತನ್ನು ಮಾತ್ರ ಒಮ್ಮೆ ಕೇಳಿ ನೋಡಿ. ನಂಬಲು ಒಬ್ಬರನ್ನು ಆರಿಸಿಕೊಳ್ಳಿ, ಮೊದಲು ಒಂದು ಸಣ್ಣ ವಿಷಯ ಹೇಳಿ ಪರೀಕ್ಷೆ ಮಾಡಿ. ಅದು ಕಟ್ಟೆಗೆ ಬರಲಿಲ್ಲವಾದರೆ ಎರಡನೆಯದನ್ನು ಹೇಳಿ.

ಈ ಸಂಘ ಇನ್ನೂ 25 ವರ್ಷ ನಡೆದು ಚಿನ್ನದ ಹಬ್ಬ ಆಚರಿಸಬೇಕಾದರೆ ಅದನ್ನು ನಡೆಸುವವರು ಇವತ್ತು ಕ್ಯಾನು ಹಿಡಿದು ಸರದಿಯಲ್ಲಿ ನಿಂತಿರುವ ಈ ಮಕ್ಕಳೇ. 18 ತುಂಬಿದ ದಿನ ಅವರು ಷೇರು ಕಟ್ಟಿ ಸದಸ್ಯರಾಗಬಹುದು. ಊರಿನವರು ತಮ್ಮನ್ನು ನಂಬಿದ್ದರು ಎಂಬ ನೆನಪು ಅದಕ್ಕೆ ಮೊದಲೇ ಅವರಲ್ಲಿ ಇರಬೇಕು.